ನೀರಿಗೆ ಲೋಟದ ಲೆಕ್ಕ ಬೇಕಾ?

ನಮ್ಮ ಎರಡು ಕಿಡ್ನಿಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ ತೆಗೆಯುತ್ತವೆ. ಹದಿನೈದು ಲೀಟರ್ ಹಿಡಿಯುವ ಕೊಡದಲ್ಲಿ ಅಳೆದರೆ ಹನ್ನೆರಡು ಕೊಡ. ಅದರಲ್ಲಿ ಮೂತ್ರವಾಗಿ ಹೊರಗೆ ಹೋಗುವುದು ಒಂದೂವರೆ ಲೀಟರಿನ ಆಸುಪಾಸು ಮಾತ್ರ. ಉಳಿದದ್ದೆಲ್ಲ ವಾಪಸ್ ರಕ್ತಕ್ಕೇ ಸೇರುತ್ತದೆ. ಎಷ್ಟು ಉಳಿಸಿಕೊಳ್ಳಬೇಕು, ಎಷ್ಟು ಬಿಡಬೇಕು ಅನ್ನುವ ತೀರ್ಮಾನ ಗಳಿಗೆಗಳಿಗೆಗೂ ನಡೆಯುತ್ತಲೇ ಇರುತ್ತದೆ. ನಾವು ನಿದ್ದೆಯಲ್ಲಿದ್ದರೂ ನಿಲ್ಲುವುದಿಲ್ಲ. ಒಳಗೆ ಇಷ್ಟು ಸೂಕ್ಷ್ಮವಾದ ಕೆಲಸ ನಡೆಯುತ್ತಿದ್ದರೂ ನಾವು ಹೊರಗಿನಿಂದ ಇನ್ನೊಂದು ಲೆಕ್ಕ ಇಟ್ಟುಕೊಂಡಿದ್ದೇವೆ: ದಿನಕ್ಕೆ ಎಂಟು ಲೋಟ ನೀರು.

ಈ ಎಂಟು ಲೋಟ ಎಲ್ಲಿಂದ ಬಂತು? ಹೆಚ್ಚಿನವರು ಬೊಟ್ಟು ಮಾಡುವುದು 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣೆ ಮಂಡಳಿ ಕೊಟ್ಟ ಒಂದು ಸಲಹೆಯ ಕಡೆಗೆ. ದೊಡ್ಡವರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಸಾಕಾಗುತ್ತದೆ ಎಂದು ಅದು ಹೇಳಿತ್ತು. ಅದರ ಜೊತೆಗೇ, ಇದರಲ್ಲಿ ಬಹುಪಾಲು ನಾವು ತಿನ್ನುವ ಅಡುಗೆಯಲ್ಲೇ ಸಿಗುತ್ತದೆ ಎಂದೂ ಹೇಳಿತ್ತು. ಜನರ ನೆನಪಿನಲ್ಲಿ ಮೊದಲ ಮಾತು ಉಳಿಯಿತು, ಎರಡನೆಯದು ಬಿಟ್ಟುಹೋಯಿತು. 2002ರಲ್ಲಿ ಅಮೆರಿಕದ ಡಾರ್ಟ್ಮತ್ ವೈದ್ಯಕೀಯ ಕಾಲೇಜಿನ ಕಿಡ್ನಿ ತಜ್ಞ ಹೈನ್ಸ್ ವಾಲ್ಟಿನ್ ಹಳೆಯ ಸಂಶೋಧನೆಗಳನ್ನೆಲ್ಲ ಜಾಲಾಡಿದರು. ಆರೋಗ್ಯವಂತ ಜನ ಕಡ್ಡಾಯವಾಗಿ ಎಂಟು ಲೋಟ ಕುಡಿಯಬೇಕು ಅನ್ನುವುದಕ್ಕೆ ಅವರಿಗೆ ಆಧಾರ ಸಿಗಲಿಲ್ಲ.

ನಮ್ಮ ಊಟವನ್ನೇ ನೋಡಿ. ಬೇಯಿಸಿದ ಅನ್ನದಲ್ಲಿ ಶೇಕಡಾ 70ರ ಹತ್ತಿರ ನೀರು. ಮೊಸರಿನಲ್ಲಿ ಶೇಕಡಾ 85ಕ್ಕಿಂತ ಜಾಸ್ತಿ. ಸೌತೆಕಾಯಿಯಲ್ಲಿ ಶೇಕಡಾ 95. ಸಾರು, ಹುಳಿ, ಮಜ್ಜಿಗೆ, ಅಂಬಲಿ ಎಲ್ಲ ಬೇರೆ. ಸಾರನ್ನ, ಮಜ್ಜಿಗೆಯನ್ನ ಉಣ್ಣುವವರು ಒಂದೇ ಊಟದಲ್ಲಿ ಅರ್ಧ ಲೀಟರಿಗೂ ಹೆಚ್ಚು ನೀರನ್ನು ಗೊತ್ತಿಲ್ಲದೆಯೇ ಒಳಗೆ ಸೇರಿಸಿರುತ್ತಾರೆ. ಕಾಫಿ, ಟೀ ಕುಡಿದರೆ ಮೈಯಲ್ಲಿರುವ ನೀರೂ ಹೋಗುತ್ತದೆ ಅನ್ನುವ ಭಯವೂ ಬೇಡ. 2016ರಲ್ಲಿ ಬ್ರಿಟನ್ನಿನ ಸಂಶೋಧಕರು ಹದಿಮೂರು ಬಗೆಯ ಪಾನೀಯಗಳನ್ನು ಹೋಲಿಸಿ ನೋಡಿದರು. ಕಾಫಿ, ಟೀ ಕುಡಿದವರು ಮುಂದಿನ ನಾಲ್ಕು ಗಂಟೆಯಲ್ಲಿ ಹೊರಹಾಕಿದ ಮೂತ್ರ, ಬರೀ ನೀರು ಕುಡಿದವರಷ್ಟೇ ಇತ್ತು. ನೀರಿಗಿಂತ ಹೆಚ್ಚು ಹೊತ್ತು ಮೈಯಲ್ಲಿ ನಿಂತದ್ದು ಹಾಲು ಮತ್ತು ಭೇದಿಯಾದಾಗ ಕುಡಿಸುವ ಉಪ್ಪು-ಸಕ್ಕರೆಯ ದ್ರಾವಣ, ಅಂದರೆ ಓಆರ್‌ಎಸ್.

ಹಾಗಿದ್ದರೆ ಒಬ್ಬ ಮನುಷ್ಯನಿಗೆ ಎಷ್ಟು ನೀರು ಬೇಕು? 2022ರಲ್ಲಿ ಹೊರಬಂದ ಒಂದು ದೊಡ್ಡ ಅಧ್ಯಯನ ಇದನ್ನು ನೇರವಾಗಿ ಅಳೆಯಿತು. ಇಪ್ಪತ್ತಕ್ಕೂ ಹೆಚ್ಚು ದೇಶಗಳ 5,604 ಜನ, ಎಂಟು ದಿನದ ಕೂಸಿನಿಂದ 96 ವರ್ಷದವರವರೆಗೆ. ಮಾಮೂಲಿಗಿಂತ ಹೆಚ್ಚು ತೂಕದ ಹೈಡ್ರೋಜನ್ ಇರುವ ನೀರನ್ನು ಸ್ವಲ್ಪ ಕುಡಿಸಿ, ಅದು ಮೈಯಿಂದ ಎಷ್ಟು ಬೇಗ ಖಾಲಿಯಾಗುತ್ತದೆ ಎಂದು ನೋಡಿದರು. ಇಪ್ಪತ್ತರಿಂದ ಮೂವತ್ತರ ವಯಸ್ಸಿನ ಗಂಡಸರಲ್ಲಿ ದಿನಕ್ಕೆ ಸರಾಸರಿ ನಾಲ್ಕು ಲೀಟರಿಗೂ ಹೆಚ್ಚು ನೀರು ಬಂದು ಹೋಗುತ್ತಿತ್ತು. ಇದು ಕುಡಿದ ನೀರಷ್ಟೇ ಅಲ್ಲ, ಊಟದ ನೀರೂ ಸೇರಿದ ಲೆಕ್ಕ. ವಯಸ್ಸಾದಂತೆ ಈ ಪ್ರಮಾಣ ಇಳಿಯುತ್ತದೆ. ಸೆಖೆಯ ಊರಿನಲ್ಲಿ, ಮೈಮುರಿದು ದುಡಿಯುವವರಲ್ಲಿ ಏರುತ್ತದೆ. ಒಬ್ಬರಿಗೂ ಇನ್ನೊಬ್ಬರಿಗೂ ಇಷ್ಟೊಂದು ಅಂತರ ಇರುವಾಗ ಎಲ್ಲರಿಗೂ ಒಂದೇ ಸಂಖ್ಯೆ ಹೇಗೆ ಹೊಂದುತ್ತದೆ?

ಸಂಖ್ಯೆಗಿಂತ ಒಳ್ಳೆಯ ಅಳತೆ ನಮ್ಮೊಳಗೇ ಇದೆ. ಬಾಯಾರಿಕೆ ಗಂಟಲಲ್ಲಿ ಆಗುತ್ತದೆ ಅಂತ ಅನಿಸುತ್ತದೆ, ಅಲ್ವಾ? ಅದು ಹುಟ್ಟುವುದು ಮಿದುಳಿನ ತಳಭಾಗದಲ್ಲಿ, ಹೈಪೋಥಲಾಮಸ್ ಮತ್ತು ಅದರ ಅಕ್ಕಪಕ್ಕ. ಅಲ್ಲಿನ ಕೆಲವು ಜೀವಕೋಶಗಳು ರಕ್ತದಲ್ಲಿ ಉಪ್ಪಿನಂಶ ಎಷ್ಟು ಗಾಢವಾಗಿದೆ ಎಂದು ಸದಾ ಗಮನಿಸುತ್ತಿರುತ್ತವೆ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತ ಗಾಢವಾಗುತ್ತದೆ. ಆಗ ಈ ಕೋಶಗಳೊಳಗಿನ ನೀರು ಹೊರಗೆ ಸೆಳೆದುಕೊಂಡು ಹೋಗಿ ಅವು ಕುಗ್ಗುತ್ತವೆ. ಆ ಕುಗ್ಗುವುದೇ ಸೂಚನೆ. ಗಾಢತೆ ಶೇಕಡಾ ಒಂದೆರಡರಷ್ಟು ಏರಿದರೂ ಸಾಕು, ಎರಡು ಕೆಲಸ ಶುರುವಾಗುತ್ತವೆ. ಪಿಟ್ಯುಟರಿ ಗ್ರಂಥಿಯಿಂದ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ, ನೀರು ಬಿಡಬೇಡ ಎಂದು ಕಿಡ್ನಿಗೆ ಹೇಳುತ್ತದೆ. ಇನ್ನೊಂದು ಕಡೆ ನಮಗೆ ನೀರು ಬೇಕು ಅನಿಸುತ್ತದೆ.

ವ್ಯಾಸೊಪ್ರೆಸಿನ್ ಮಾತು ಕೇಳಿದ ಕಿಡ್ನಿ ಮೂತ್ರವನ್ನು ರಕ್ತದ ನಾಲ್ಕು ಪಟ್ಟು ಗಾಢ ಮಾಡಬಲ್ಲದು. ಬೇಸಿಗೆಯಲ್ಲಿ ಕಡು ಹಳದಿ ಮೂತ್ರ ಹೋಗುವುದು ಇದಕ್ಕೇ. ಆದರೆ ಎಷ್ಟೇ ಜಿಪುಣತನ ಮಾಡಿದರೂ ದಿನಕ್ಕೆ ಅರ್ಧ ಲೀಟರಿನಷ್ಟನ್ನು ಅದು ಬಿಡಲೇಬೇಕು. ಇಲ್ಲದಿದ್ದರೆ ಮೈಯ ಕಸ ಹೊರಗೆ ಹೋಗುವುದಿಲ್ಲ. ಉಸಿರಿನಲ್ಲಿ, ಚರ್ಮದಿಂದ ನಮಗೆ ಗೊತ್ತಾಗದಂತೆ ಇನ್ನೂ ಮುಕ್ಕಾಲು ಲೀಟರಿನಷ್ಟು ಹೋಗುತ್ತದೆ.

ನನಗೆ ಇದರಲ್ಲಿ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ಬಾಯಾರಿಕೆ ನಿಲ್ಲುವ ಬಗೆ. ಕುಡಿದ ನೀರು ಕರುಳಿನಿಂದ ರಕ್ತಕ್ಕೆ ಸೇರಿ ಅದನ್ನು ತಿಳಿ ಮಾಡಲು ಹತ್ತು ನಿಮಿಷಕ್ಕೂ ಹೆಚ್ಚು ಬೇಕು. ಆದರೆ ಬಿಸಿಲಿನಲ್ಲಿ ಬಂದು ಒಂದು ಚೊಂಬು ನೀರು ಕುಡಿದರೆ ಕೂಡಲೇ ಸಾಕೆನಿಸುತ್ತದೆ. ರಕ್ತ ಇನ್ನೂ ಗಾಢವಾಗಿಯೇ ಇದೆ, ಹಾಗಿದ್ದರೂ ಬಾಯಾರಿಕೆ ಹೋಯಿತು. ಹೇಗೆ? 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಲಿಗಳ ಮಿದುಳಿನಲ್ಲಿ ಇದನ್ನು ನೋಡಿದರು. ಇಲಿ ನೀರು ನೆಕ್ಕಲು ಶುರುಮಾಡಿ ಒಂದು ನಿಮಿಷದೊಳಗೇ ಬಾಯಾರಿಕೆಯ ಕೋಶಗಳು ಸುಮ್ಮನಾಗುತ್ತಿದ್ದವು. ಒಳಗೆ ಹೋದ ನೀರು ಮುಂದೆ ರಕ್ತವನ್ನು ಎಷ್ಟು ತಿಳಿ ಮಾಡುತ್ತದೆ ಎಂದು ಮಿದುಳು ಮೊದಲೇ ಅಂದಾಜು ಹಾಕುತ್ತದೆ. ಇಲ್ಲದಿದ್ದರೆ ನಾವು ರಕ್ತ ತಿಳಿಯಾಗುವವರೆಗೂ ಕುಡಿಯುತ್ತಲೇ ಇರುತ್ತಿದ್ದೆವು.

ಹಾಗೆ ಕುಡಿಯುತ್ತಲೇ ಇದ್ದರೆ ಅಪಾಯವೂ ಇದೆ. ಕಿಡ್ನಿ ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನ ಹತ್ತಿರ ನೀರನ್ನು ಹೊರಹಾಕಬಲ್ಲದು. ಅದಕ್ಕಿಂತ ಜಾಸ್ತಿ ಸುರಿದರೆ ರಕ್ತದ ಸೋಡಿಯಂ ತೆಳುವಾಗಿ ಮಿದುಳು ಊದಿಕೊಳ್ಳುತ್ತದೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇಕಡಾ 13 ಜನರಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕಡಿಮೆ ಇತ್ತು. ಬಾಯಾರದಿದ್ದರೂ ಕುಡಿಯಲೇಬೇಕು ಅನ್ನುವ ಉಪದೇಶಕ್ಕೆ ಇದೂ ಒಂದು ಉತ್ತರ. ಬಾಯಾರಿಕೆ ಆಗುವಷ್ಟರಲ್ಲಿ ತಡವಾಗಿರುತ್ತದೆ ಅನ್ನುವ ಮಾತಿದೆಯಲ್ಲ, ಅದು ಆರೋಗ್ಯವಾಗಿರುವ, ಕೈಗೆಟಕುವಷ್ಟರಲ್ಲಿ ನೀರಿರುವ ಮನುಷ್ಯನಿಗೆ ಹೊಂದುವುದಿಲ್ಲ.

ಈ ಅಳತೆ ಕೆಲಸ ಮಾಡದವರು ಮಾತ್ರ ನಮ್ಮ ಮನೆಗಳಲ್ಲೇ ಇದ್ದಾರೆ. ವಯಸ್ಸಾದವರು. 1984ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಾಗಿದ್ದ ಹಿರಿಯ ಗಂಡಸರಿಗೂ ಯುವಕರಿಗೂ ಇಪ್ಪತ್ತನಾಲ್ಕು ಗಂಟೆ ನೀರು ಕೊಡಲಿಲ್ಲ. ಹಿರಿಯರ ರಕ್ತ ಯುವಕರಿಗಿಂತ ಹೆಚ್ಚು ಗಾಢವಾಗಿತ್ತು, ಆದರೂ ಅವರಿಗೆ ಬಾಯಾರಿಕೆ ಕಡಿಮೆ. ಆಮೇಲೆ ನೀರು ಕೊಟ್ಟಾಗಲೂ ಅವರು ಕಡಿಮೆಯೇ ಕುಡಿದರು. ಮೂತ್ರ ಗಾಢ ಮಾಡುವ ಕಿಡ್ನಿಯ ಶಕ್ತಿಯೂ ವಯಸ್ಸಿನೊಂದಿಗೆ ಇಳಿಯುತ್ತದೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ನೀರನ್ನು ಇನ್ನಷ್ಟು ಹೊರಹಾಕುತ್ತವೆ. ಇದರ ಮೇಲೆ ಮಂಡಿನೋವು. ರಾತ್ರಿ ಎದ್ದು ಬಚ್ಚಲಿಗೆ ಹೋಗುವುದು ಕಷ್ಟ ಅಂತ ಸಂಜೆಯಿಂದಲೇ ನೀರು ಬಿಟ್ಟುಬಿಡುವ ಅಜ್ಜಿಯರು ಎಷ್ಟು ಜನ ಇಲ್ಲ! ಇದ್ದಕ್ಕಿದ್ದಂತೆ ಮಂಕಾಗುವುದು, ಎದ್ದು ನಿಂತಾಗ ತಲೆ ಸುತ್ತುವುದು, ಮಾತು ಅಡ್ಡಾದಿಡ್ಡಿಯಾಗುವುದು ಕಂಡರೆ ವಯಸ್ಸಾಯಿತು ಅಂತ ಸುಮ್ನೆ ಬಿಡಬಾರದು. ಹಿಂದಿನ ದಿನ ಎಷ್ಟು ಕುಡಿದಿದ್ದರು ಎಂದು ಮೊದಲು ಯೋಚಿಸಬೇಕು, ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಇಂಥವರಿಗೆ ಬಾಯಾರಿಕೆಯನ್ನು ನಂಬದೆ ಹೊತ್ತು ನೋಡಿ ಕೊಡುವುದೇ ಸರಿ. ಬೆಳಿಗ್ಗೆ ಎದ್ದಾಗ ಒಂದು ಲೋಟ, ಮಾತ್ರೆಯ ಜೊತೆ ತುಂಬಿದ ಲೋಟ, ನಡುವೆ ನೀರುಮಜ್ಜಿಗೆ ಇಲ್ಲವೇ ರಾಗಿ ಅಂಬಲಿ. ಹೆಚ್ಚಿನ ಪಾಲು ಮಧ್ಯಾಹ್ನದೊಳಗೆ ಮುಗಿದರೆ ರಾತ್ರಿಯ ತೊಂದರೆಯೂ ತಪ್ಪುತ್ತದೆ. ಹೃದಯದ ಕಾಯಿಲೆಗೋ ಡಯಾಲಿಸಿಸ್‌ಗೋ ನೀರಿಗೆ ಮಿತಿ ಹಾಕಿಸಿಕೊಂಡವರಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಅವರಿಗೆ ವೈದ್ಯರು ಹೇಳಿದ್ದೇ ಅಳತೆ.

ಕೂಸುಗಳ ವಿಷಯ ಬೇರೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರು ಬೇಡ, ಬೇಸಿಗೆಯಲ್ಲೂ ಬೇಡ. ಎದೆಹಾಲಿನಲ್ಲಿ ಶೇಕಡಾ 87ರಷ್ಟು ನೀರೇ ಇದೆ.

ಆದರೆ ಮಗುವಿಗೆ ಭೇದಿ ಶುರುವಾದರೆ ಬರೀ ನೀರು ಸಾಲುವುದಿಲ್ಲ. ಇದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ನಮ್ಮ ದೇಶದ್ದೇ ಆದ ಪಶ್ಚಿಮ ಬಂಗಾಳ. 1971ರಲ್ಲಿ ಬಾಂಗ್ಲಾದಿಂದ ಲಕ್ಷಗಟ್ಟಲೆ ನಿರಾಶ್ರಿತರು ಗಡಿ ದಾಟಿ ಬಂದಾಗ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಬನಗಾಂವ್ ಆಸ್ಪತ್ರೆಯಲ್ಲಿ ಸಲೈನ್ ಬಾಟಲಿ ಮುಗಿಯುತ್ತಾ ಬಂತು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಸುಮಾರು ಶೇಕಡಾ 30 ಇದ್ದ ಸಾವು ಶೇಕಡಾ ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಗುಟ್ಟು ಇಷ್ಟೇ: ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಎರಡೂ ಜೊತೆಯಾಗಿ ಬಂದರೆ ಮಾತ್ರ ಒಳಗೆ ಬಿಡುವ ಒಂದು ದಾರಿ ಇದೆ. ಅವು ಒಳಗೆ ಹೋದರೆ ನೀರೂ ಅವುಗಳ ಹಿಂದೆ ಹೋಗುತ್ತದೆ. ಭೇದಿಯಲ್ಲೂ ಈ ದಾರಿ ಮುಚ್ಚುವುದಿಲ್ಲ. ಮಹಾಲನಬಿಸ್ ಅವರಿಗೆ 2023ರಲ್ಲಿ, ತೀರಿಕೊಂಡ ಮೇಲೆ, ಪದ್ಮವಿಭೂಷಣ ಬಂತು.

ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಪಾಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕಣ್ಣಳತೆ ಬೇಡ. ಸಕ್ಕರೆ ಹೆಚ್ಚಾದರೆ ಭೇದಿ ಹೆಚ್ಚುತ್ತದೆ. ಅಂಗಡಿಯ ಸಿಹಿ ಪಾನೀಯಗಳ ಡಬ್ಬಿಯ ಮೇಲೆ ಓಆರ್‌ಎಸ್ ಎಂದು ಬರೆದು ಮಾರುವುದನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ನಿಲ್ಲಿಸಲು ಹೇಳಿತು. ಒಳ್ಳೆಯ ಕೆಲಸ. ಇನ್ನೂ ಮೊದಲೇ ಆಗಬೇಕಿತ್ತು.

ಬಿಸಿಲಲ್ಲಿ ದುಡಿಯುವವರ ಮೈಯಿಂದ ಗಂಟೆಗೆ ಒಂದು ಲೀಟರ್ ಬೆವರು ಹೋಗುವುದು ದೊಡ್ಡ ಮಾತಲ್ಲ. ಜೊತೆಗೆ ಉಪ್ಪೂ ಹೋಗುತ್ತದೆ. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್, ನಿಕರಾಗುವಾ ದೇಶಗಳಲ್ಲಿ ಕಬ್ಬು ಕಡಿಯುವ ಯುವಕರ ಕಿಡ್ನಿಗಳು ಸಕ್ಕರೆ ಕಾಯಿಲೆ, ಬಿಪಿ ಏನೂ ಇಲ್ಲದೆಯೇ ಹಾಳಾಗುತ್ತಿವೆ. ಸುಡುಬಿಸಿಲಿನ ದುಡಿಮೆಗೆ ಅದರಲ್ಲಿ ದೊಡ್ಡ ಪಾಲಿದೆ ಎಂದು ತಜ್ಞರು ಹೇಳುತ್ತಾರೆ. ನೀರು, ವಿಶ್ರಾಂತಿ, ನೆರಳು ಮೂರನ್ನೂ ಕೊಟ್ಟ ತೋಟಗಳಲ್ಲಿ ಕಿಡ್ನಿಗೆ ಬೀಳುವ ಪೆಟ್ಟು ಕಡಿಮೆಯಾಯಿತು. ಬರೀ ನೀರಲ್ಲ, ಮೂರೂ. ಕಲಬುರಗಿ ಭಾಗದಲ್ಲಿ ಏಪ್ರಿಲ್, ಮೇ ಬಂತೆಂದರೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಫ್ಯಾನಿನ ಕೆಳಗೆ ಕೂತವರಿಗೆ ಇರುವ ಈ ಅನುಕೂಲ ರಸ್ತೆಗೆ ಡಾಂಬರು ಹಾಕುವವರಿಗೂ, ಇಟ್ಟಿಗೆ ಹೊರುವವರಿಗೂ ಸಿಗಬೇಕು.

ಇನ್ನು ಬಾಯಾರಿಕೆ ಚೆನ್ನಾಗಿ ಗೊತ್ತಾಗಿಯೂ ಬೇಕೆಂದೇ ಕುಡಿಯದವರ ಮಾತು. ಸಂತೆಯಲ್ಲಿ ತರಕಾರಿ ಮಾರುವ ಹೆಂಗಸರು, ಕಟ್ಟಡ ಕೆಲಸದವರು, ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಲ್ಲುವ ಹುಡುಗಿಯರು, ದೂರದ ಬಸ್ಸಿಗೆ ಹತ್ತುವ ತಾಯಂದಿರು. ಶೌಚಾಲಯ ಇಲ್ಲ, ಇದ್ದರೂ ಒಳಗೆ ಕಾಲಿಡುವ ಹಾಗಿಲ್ಲ. ಅದಕ್ಕೆ ನೀರನ್ನೇ ಬಿಡುತ್ತಾರೆ. ಇದರ ಬೆಲೆ ಉರಿಮೂತ್ರ, ಕಿಡ್ನಿ ಕಲ್ಲು. ಪದೇ ಪದೇ ಮೂತ್ರದ ಸೋಂಕಾಗುತ್ತಿದ್ದ, ಕಡಿಮೆ ನೀರು ಕುಡಿಯುತ್ತಿದ್ದ 140 ಹೆಂಗಸರ ಮೇಲಿನ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿಯಲು ಹೇಳಲಾಗಿತ್ತು. ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕಾಯಿತು, ಉಳಿದವರಿಗೆ 3.2 ಸಲ. ಇಟಲಿಯಲ್ಲಿ ಒಮ್ಮೆ ಕಿಡ್ನಿ ಕಲ್ಲಾದವರನ್ನು ಐದು ವರ್ಷ ಗಮನಿಸಿದಾಗಲೂ ಹೀಗೇ: ಹೆಚ್ಚು ನೀರು ಕುಡಿದವರಲ್ಲಿ ಶೇಕಡಾ 12 ಜನರಿಗೆ ಮತ್ತೆ ಕಲ್ಲು ಬಂತು, ಉಳಿದವರಲ್ಲಿ ಶೇಕಡಾ 27. ಹೆಚ್ಚು ನೀರು ಔಷಧಿಯಂತೆ ಕೆಲಸ ಮಾಡುವುದು ಇಂಥ ಕಡೆ.

ಆದರೆ ಈ ಹೆಂಗಸರಿಗೆ ನೀರು ಕುಡಿಯಿರಿ ಎಂದು ಹೇಳುವುದರಿಂದ ಏನೂ ಆಗುವುದಿಲ್ಲ. ಅವರಿಗೆ ಅದು ಗೊತ್ತು. ಕೇರಳದ ಕೋಯಿಕ್ಕೋಡಿನಲ್ಲಿ ಟೈಲರ್ ಆಗಿದ್ದ ವಿಜಿ ಪಳ್ಳಿತೊಡಿ ಅಂಗಡಿಗಳಲ್ಲಿ ದುಡಿಯುವ ಹೆಂಗಸರನ್ನು ಸೇರಿಸಿ ಸಂಘ ಕಟ್ಟಿ, ಮೊದಲು ಕೇಳಿದ್ದೇ ಶೌಚಾಲಯ. ಆಮೇಲೆ ಕೆಲಸದ ನಡುವೆ ಕೂರುವ ಹಕ್ಕನ್ನೂ ಕೇಳಿದರು. 2018ರಲ್ಲಿ ಆ ರಾಜ್ಯದ ಕಾನೂನೇ ಬದಲಾಯಿತು.

2019ರಲ್ಲಿ ಕೇರಳದ ಶಾಲೆಗಳಲ್ಲಿ ಸುದ್ದಿಯಾದ ವಾಟರ್ ಬೆಲ್ ನಮ್ಮ ಕಡೆಯ ಶಾಲೆಗಳಿಗೂ ಬಂತು. ಗಂಟೆ ಹೊಡೆದಾಗ ಮಕ್ಕಳು ಬಾಟಲಿ ತೆಗೆದು ಕುಡಿಯುತ್ತಾರೆ. ಸಂಜೆ ಮನೆಗೆ ಬಂದ ಮಗಳ ಬಾಟಲಿಯಲ್ಲಿ ನೀರು ಹಾಗೇ ಉಳಿದಿದ್ದರೆ ಅವಳನ್ನು ಗದರುವ ಮೊದಲು ಶಾಲೆಗೆ ಒಮ್ಮೆ ಹೋಗಿ ಬನ್ನಿ. ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಇದೆಯಾ, ನಲ್ಲಿಯಲ್ಲಿ ನೀರು ಬರುತ್ತಾ, ಪಾಠದ ನಡುವೆ ಹೋಗಲು ಬಿಡುತ್ತಾರಾ, ಕೇಳಿ. ಇಲ್ಲ ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಮೊದಲು ಎತ್ತಬೇಕಾದ ವಿಷಯ ಇದೇ.