ಹಳೇ ಪಹಣಿಯಲ್ಲಿ ‘ನೀರಗಂಟಿ’ ಅಂತಿದೆ, ಏನದು?

ಪ್ರಶ್ನೆ: ಮನೆಯ ಹಳೇ ಜಮೀನು ಕಾಗದದಲ್ಲಿ ನಮ್ಮ ಮುತ್ತಾತನ ಹೆಸರಿನ ಪಕ್ಕ ‘ನೀರಗಂಟಿ ಇನಾಂ’ ಅಂತ ಬರೆದಿದೆ. ಇದು ಜಾತಿಯೋ, ಜಮೀನಿನ ಹೆಸರೋ, ಕೆಲಸವೋ?

ನೀರಗಂಟಿ ಅನ್ನೋದು ಕೆಲಸ. ಆ ಕೆಲಸಕ್ಕೆ ಸಂಬಳದ ಬದಲು ಬಿಟ್ಟುಕೊಟ್ಟ ಜಮೀನು ಇನಾಂ. ನಿಮ್ಮ ಮುತ್ತಾತ ಊರಿನ ಕೆರೆ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದವರು.

ಹಳೇ ಮೈಸೂರು ಸೀಮೆಯ ಎಷ್ಟೋ ಕೆರೆಗಳಲ್ಲಿ ಏರಿಯ ಒಳಮಗ್ಗುಲಿಗೆ ಎರಡು ಕಲ್ಲುಕಂಬ ನಿಂತಿರುತ್ತವೆ. ಅವುಗಳ ನಡುವೆ ತೂತು ಕೊರೆದ ಅಡ್ಡಗಲ್ಲು. ಅದೇ ತೂಬು. ಆ ತೂತಿನಲ್ಲಿ ಇಳಿಬಿಟ್ಟ ಉದ್ದನೆಯ ಮರದ ಕೋಲು ಕೆಳಗಿನ ಕಂಡಿಯನ್ನು ಮುಚ್ಚಿರುತ್ತಿತ್ತು. ಕೋಲು ಎಷ್ಟು ಎತ್ತಬೇಕು, ಎಷ್ಟು ಹೊತ್ತು ಬಿಡಬೇಕು, ಮೊದಲು ಯಾರ ಗದ್ದೆಗೆ ಅನ್ನೋದನ್ನೆಲ್ಲ ನೋಡಿಕೊಳ್ಳುವವನು ನೀರಗಂಟಿ. ರಾತ್ರಿ ಹೊತ್ತು ಯಾರೂ ಕಾಲುವೆ ಒಡೆದು ನೀರು ತಿರುಗಿಸಿಕೊಳ್ಳದ ಹಾಗೆ ಕಾಯಬೇಕು. ಜೋರು ಮಳೆ ಬಂದರೆ ಏರಿಯ ಮೇಲೆ ಓಡಾಡಿ ಎಲ್ಲಾದರೂ ಜಿನುಗುತ್ತಿದೆಯಾ ನೋಡಬೇಕು. ಬಹಳಷ್ಟು ಊರುಗಳಲ್ಲಿ ಈ ಕೆಲಸ ದಲಿತ ಕುಟುಂಬಗಳದ್ದಾಗಿತ್ತು. ಊರಿನ ಅನ್ನವೆಲ್ಲ ಅವರ ಕೈಮೇಲೆ ನಿಂತಿದ್ದರೂ ದಾಖಲೆಯಲ್ಲಿ ಅವರಿಗೆ ಸಿಕ್ಕ ಜಾಗ ಒಂದೇ ಒಂದು ಪದ. ಅದಕ್ಕೇ ಆ ಪದವನ್ನು ಸುಮ್ನೆ ದಾಟಿ ಹೋಗಬೇಡಿ.

ಸುಗ್ಗಿಯಲ್ಲಿ ಕಣದಿಂದ ಅವರಿಗೆ ಧಾನ್ಯದ ಪಾಲೂ ಸಿಗುತ್ತಿತ್ತು. ಆ ಪಾಲಿಗೆ ಆಯ ಅಂತ ಹೆಸರು, ಪಡೆಯುವವರು ಆಯಗಾರರು. ಸಾಮಾನ್ಯವಾಗಿ ಹನ್ನೆರಡು ಜನ: ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕೆಲಸಿ (ಕ್ಷೌರ ಮಾಡುವವನು), ಅಕ್ಕಸಾಲಿ. ಊರಿಂದೂರಿಗೆ ಒಂದೆರಡು ಹೆಸರು ಬದಲಾಗುತ್ತವೆ. ಇದರಲ್ಲಿ ತಳವಾರ, ತೋಟಿ ಇಬ್ಬರೂ ಕಾವಲಿನವರೇ ಅಲ್ವಾ ಅಂತ ಕೇಳುವವರು ಜಾಸ್ತಿ. ತಳವಾರ ಕಳ್ಳತನದಂಥ ಅಪರಾಧಗಳ ಸುಳಿವು ಹಿಡಿಯುತ್ತಿದ್ದ, ದಾರಿಹೋಕರಿಗೆ ಜೊತೆ ಹೋಗುತ್ತಿದ್ದ. ತೋಟಿಯ ಕೆಲಸ ಹೆಚ್ಚಾಗಿ ಊರೊಳಗೇ: ಬೆಳೆ ಕಾಯುವುದು, ಅಳೆಯುವಾಗ ನೆರವಾಗುವುದು.

ಇಂದಿನ ಅರ್ಥ ಹಿಡಿದು ಹಳೇ ಪದ ಓದಿದರೆ ದಾರಿ ತಪ್ಪುತ್ತದೆ. ‘ಕಂದಾಚಾರ’ವನ್ನೇ ತಗೊಳ್ಳಿ. ಇವತ್ತು ಅದು ಅರ್ಥವಿಲ್ಲದ ಆಚರಣೆಗೆ ಹೇಳುವ ಮಾತು. ಆದರೆ ಮೈಸೂರು ಸಂಸ್ಥಾನದಲ್ಲಿ ಕಂದಾಚಾರ ಅಂದರೆ ಸೈನಿಕ ಇಲಾಖೆ. ಪೂರ್ಣಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಕಂದಾಚಾರದ ಆಳುಗಳು ಪೊಲೀಸರ ಕೆಲಸವನ್ನೂ ಮಾಡುತ್ತಿದ್ದರು. ಹಿರಿಯರ ಹೆಸರಿನ ಜೊತೆ ಈ ಪದ ಕಂಡರೆ ಅವರು ಆಯುಧ ಹಿಡಿದು ಚಾಕರಿ ಮಾಡಿದವರು ಅಂತ ತಿಳಿಯಿರಿ. ಉತ್ತರ ಕರ್ನಾಟಕದ ‘ಹಡಪದ’ ಅಡ್ಡಹೆಸರಿನ ಕತೆಯೂ ಹೀಗೇ. ಹಡಪ ಅಂದರೆ ಎಲೆಅಡಿಕೆ ಚೀಲ. ಆದರೆ ಆ ಹೆಸರಿನ ಸಮುದಾಯದ ಕುಲಕಸುಬು ಕ್ಷೌರ. ಇನ್ನು ಶಾನುಭೋಗ, ಕುಲಕರ್ಣಿ, ಕರಣಿಕ ಅಂತ ಬೇರೆ ಬೇರೆ ಕಂಡರೆ ಗಾಬರಿ ಬೇಡ. ಮೂವರೂ ಊರಿನ ಲೆಕ್ಕ ಬರೆದವರೇ, ಸೀಮೆ ಬೇರೆ ಅಷ್ಟೆ.

ನಿಮ್ಮ ಕಾಗದಕ್ಕೆ ಬರೋಣ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಅದು ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಇನಾಂ ಜಮೀನನ್ನು ಹುದ್ದೆಯಲ್ಲಿದ್ದ ಮನೆಯವರಿಗೇ ಮರುಮಂಜೂರು ಮಾಡಲು ಅದರಲ್ಲಿ ಅವಕಾಶವಿತ್ತು. ಹಾಗಾಗಿ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಆ ಸರ್ವೆ ನಂಬರಿನ ‘ರೀಗ್ರಾಂಟ್’ ಕಡತ ಇದೆಯಾ ಕೇಳಿ. ಸಿಕ್ಕರೆ ಹುದ್ದೆ ಯಾರಿಂದ ಯಾರಿಗೆ ಬಂತು ಅನ್ನೋದು ಅದರಲ್ಲಿ ಇರಬಹುದು, ಅಂದರೆ ಒಂದೆರಡು ತಲೆಮಾರಿನ ಹೆಸರುಗಳು. ಜೊತೆಗೆ ಊರಿನ ನಕ್ಷೆ ತೆಗೆಸಿ, ಆ ಜಮೀನಿನ ನೀರು ಯಾವ ಕೆರೆಯದು ನೋಡಿ. ಆ ಕೆರೆಯ ತೂಬಿನ ಕಲ್ಲುಗಳು ಈಗಲೂ ಅಲ್ಲೇ ನಿಂತಿರಬಹುದು.