ಇಡ್ಲಿ ಯಾಕೆ ಉಬ್ಬಲಿಲ್ಲ?

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ದಿಢೀರ್ ರವೆ ಇಡ್ಲಿ ಮಾಡಲು ಹೋಗಿ ಮಂಗ ಆದೆ. ಹಿಟ್ಟಿಗೆ ಫ್ರೂಟ್ ಸಾಲ್ಟ್ ಹಾಕಿದರೆ ಬುಸ್ ಅನ್ನಲೇ ಇಲ್ಲ. ಇಡ್ಲಿ ಬಿಲ್ಲೆಯ ಹಾಗೆ ಚಪ್ಪಟೆ, ಮೇಲಾಗಿ ಗಟ್ಟಿ. ತಪ್ಪು ನನ್ನದೇ. ಪುಡಿಯ ಡಬ್ಬಕ್ಕೆ ಸರಿಯಾಗಿ ಮುಚ್ಚಳ ಹಾಕದೆ ಮೂರು ವಾರ ಒಲೆ ಪಕ್ಕ ಬಿಟ್ಟಿದ್ದೆ.

ಆ ಪುಡಿಯಲ್ಲಿ ಮುಖ್ಯವಾಗಿ ಇರುವುದು ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲ. ಸಿಟ್ರಿಕ್ ಆಮ್ಲ ಅಂದರೆ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುವ ಬಿಳಿ ಹರಳು. ಹೆಸರಲ್ಲಿ ಉಪ್ಪಿದೆ, ಆದರೆ ಅದು ಉಪ್ಪಲ್ಲ. ಅಡುಗೆ ಸೋಡಾ ಅಯಾನಿಕ ಸಂಯುಕ್ತ, ಇದು ಆಮ್ಲ. ಎರಡೂ ಒಂದೇ ಡಬ್ಬದಲ್ಲಿ ಮೈಗೆ ಮೈ ತಾಗಿಸಿಕೊಂಡು ತಿಂಗಳುಗಟ್ಟಲೆ ಸುಮ್ನೆ ಕೂತಿರುತ್ತವೆ. ನೀರು ಬಿದ್ದರೆ ಸಾಕು, ಜಗಳ ಶುರು. ಹಾಗಾದರೆ ನೀರು ಏನು ಮಾಡಿತು?

ಮೊದಲು ಅಯಾನು ಅಂದರೇನು ನೋಡೋಣ. ಸೋಡಿಯಂ ಪರಮಾಣುವಿನಲ್ಲಿ 11 ಪ್ರೋಟಾನ್, 11 ಎಲೆಕ್ಟ್ರಾನ್. ಲೆಕ್ಕ ಸರಿ. ಒಂದು ಎಲೆಕ್ಟ್ರಾನ್ ಹೋದರೆ 11ಕ್ಕೆ 10. ಆಗ ಅದು ಧನ ಅಯಾನು. ಕ್ಲೋರಿನ್‌ನಲ್ಲಿ ಎರಡೂ 17, ಅದಕ್ಕೆ ಒಂದು ಎಲೆಕ್ಟ್ರಾನ್ ಸೇರಿದರೆ ಋಣ ಅಯಾನು. ಇಷ್ಟೇ ವಿಷಯ. ಆದರೆ ಈ ಒಂದರ ವ್ಯತ್ಯಾಸಕ್ಕೆ ಸ್ವಭಾವವೇ ಬದಲಾಗುತ್ತದೆ. ಸೋಡಿಯಂ ಲೋಹ ನೀರಿಗೆ ಬಿದ್ದರೆ ಹೊತ್ತಿಕೊಳ್ಳುತ್ತದೆ, ಕ್ಲೋರಿನ್ ವಿಷದ ಗಾಳಿ. ಅಯಾನುಗಳಾದ ಮೇಲೆ ಇದೇ ಜೋಡಿಯನ್ನು ನಾವು ಮಾವಿನಕಾಯಿ ಹೋಳಿಗೆ ಖಾರದ ಜೊತೆ ಉದುರಿಸಿಕೊಂಡು ತಿನ್ನುತ್ತೇವೆ.

ಪಾಠದಲ್ಲಿ ಒಂದು ಕಥೆ ಹೇಳುತ್ತಾರೆ ಅಲ್ವಾ, ಸೋಡಿಯಂ ಹತ್ತಿರ ಹೊರ ಕವಚದಲ್ಲಿ ಒಂದೇ ಎಲೆಕ್ಟ್ರಾನ್ ಇದೆ, ಕ್ಲೋರಿನ್‌ಗೆ ಒಂದು ಕಮ್ಮಿ ಇದೆ, ಅದು ಖುಷಿಯಿಂದ ಕೊಟ್ಟಿತು, ಇದು ತಗೊಂಡಿತು, ಮುಗೀತು ಅಂತ. ಪರೀಕ್ಷೆಗೆ ಸಾಕು. ನನಗೆ ಮಾತ್ರ ಈ ಕಥೆ ಒಪ್ಪಿಗೆಯಿಲ್ಲ. ಸೋಡಿಯಂ ಖುಷಿಯಿಂದ ಏನನ್ನೂ ಕೊಡುವುದಿಲ್ಲ, ಅದರಿಂದ ಕಿತ್ತುಕೊಳ್ಳಬೇಕು. 58.5 ಗ್ರಾಂ ಉಪ್ಪಿಗೆ ಬೇಕಾಗುವಷ್ಟು ಬಿಡಿ ಸೋಡಿಯಂ ಪರಮಾಣುಗಳಿಂದ ಒಂದೊಂದು ಎಲೆಕ್ಟ್ರಾನ್ ಕೀಳಲು ಸುಮಾರು 496 ಕಿಲೋಜೂಲ್ ಖರ್ಚು. ಅವನ್ನು ಬಿಡಿ ಕ್ಲೋರಿನ್ ಪರಮಾಣುಗಳಿಗೆ ಸೇರಿಸಿದರೆ ವಾಪಸ್ ಬರುವುದು ಬರೀ 349. ಇಲ್ಲಿಗೇ ನಿಂತರೆ ನಷ್ಟದ ವ್ಯಾಪಾರ. ಅಸಲಿ ಲಾಭ ಆಮೇಲೆ: ಎದುರು ಬದುರು ವಿದ್ಯುದಂಶದ ಈ ಅಯಾನುಗಳು ಒಂದನ್ನೊಂದು ಎಳೆದುಕೊಂಡು, ಪ್ರತಿ ಸೋಡಿಯಂ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡ್ ಸುತ್ತ ಆರು ಸೋಡಿಯಂ ಅಂತ ಸಾಲುಸಾಲಾಗಿ ಕೂತು ಹರಳಾಗುವಾಗ ಸುಮಾರು 787 ಕಿಲೋಜೂಲ್ ಹೊರಬರುತ್ತದೆ. ಹಾಗಾಗಿ ಹರಳಿನಲ್ಲಿ 'ಇದಕ್ಕೆ ಅದು ಜೋಡಿ' ಅನ್ನುವ ಹಾಗೇ ಇಲ್ಲ, ಎಲ್ಲರಿಗೂ ಆರು ನೆಂಟರು. ಈ ಬಿಗಿ ಹಿಡಿತಕ್ಕೇ ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು.

ಕಲ್ಲುಪ್ಪಿನ ಒಂದು ಹರಳನ್ನು ಕುಟ್ಟಿ ನೋಡಿ. ತಾಮ್ರದ ಹಾಗೆ ತಟ್ಟಿದಂತೆ ಅಗಲ ಆಗುವುದಿಲ್ಲ, ಚೂರಾಗುತ್ತದೆ. ಏಟಿಗೆ ಒಂದು ಸಾಲು ಒಂದು ಮನೆ ಪಕ್ಕಕ್ಕೆ ಜಾರಿದರೂ ಸಾಕು, ಧನದ ಎದುರು ಧನ, ಋಣದ ಎದುರು ಋಣ ಬಂದು ತಳ್ಳಾಡಿಕೊಳ್ಳುತ್ತವೆ.

ಇಂಥ ಗಟ್ಟಿ ಹರಳನ್ನು ನೀರು ಚಮಚ ಆಡಿಸುವಷ್ಟರಲ್ಲಿ ಬಿಡಿಸಿಬಿಡುತ್ತದೆ. ನೀರಿನ ಅಣುವಿನ ಒಂದು ಕಡೆ ಸ್ವಲ್ಪ ಋಣ, ಇನ್ನೊಂದು ಕಡೆ ಸ್ವಲ್ಪ ಧನ. ಹತ್ತಾರು ಅಣುಗಳು ಮುತ್ತಿಕೊಂಡು ಒಂದೊಂದೇ ಅಯಾನನ್ನು ಎಳೆದು ಒಯ್ಯುತ್ತವೆ. ಒಂದು ಮಾತು ನೆನಪಿರಲಿ, ಉಪ್ಪಿನಲ್ಲಿ ನೀರು ಹೊಸ ಅಯಾನು ಹುಟ್ಟಿಸಲಿಲ್ಲ. ಮೊದಲೇ ಇದ್ದವಕ್ಕೆ ಓಡಾಡುವ ಸ್ವಾತಂತ್ರ್ಯ ಕೊಟ್ಟಿತು. ಅದಕ್ಕೇ ಒಣ ಉಪ್ಪಿನಲ್ಲಿ ಕರೆಂಟ್ ಹರಿಯುವುದಿಲ್ಲ, ಉಪ್ಪುನೀರಿನಲ್ಲಿ ಹರಿಯುತ್ತದೆ. ಅಯಾನು ಅನ್ನುವ ಹೆಸರು ಬಂದದ್ದೂ 'ಹೋಗುವುದು' ಅನ್ನುವ ಅರ್ಥದ ಗ್ರೀಕ್ ಪದದಿಂದ. 1834ರಲ್ಲಿ ಮೈಕೆಲ್ ಫ್ಯಾರಡೆ ಅದನ್ನು ಬಳಕೆಗೆ ತಂದರು. ಕರೆಂಟ್ ಹರಿಸದಿದ್ದರೂ ಉಪ್ಪು ನೀರಿನಲ್ಲಿ ಬಿಡಿ ಅಯಾನುಗಳಾಗಿಯೇ ಇರುತ್ತದೆ ಅಂತ ವಾದಿಸಿದವರು ಸ್ವೀಡನ್ನಿನ ಸ್ವಾಂಟೆ ಅರ್ಹೀನಿಯಸ್. 1884ರಲ್ಲಿ ಉಪ್ಸಾಲಾದಲ್ಲಿ ಅವರ ಪ್ರಬಂಧಕ್ಕೆ ಪಾಸಾಗುವಷ್ಟೇ ದರ್ಜೆ ಕೊಟ್ಟು ಕಳಿಸಿದರು. 1903ರಲ್ಲಿ ಅದೇ ವಿಚಾರಕ್ಕೆ ನೊಬೆಲ್ ಬಂತು. ಮಾರ್ಕ್ಸ್ ಕಡಿಮೆ ಬಂದವರು ಇದನ್ನು ಮನೆಯಲ್ಲಿ ಹೇಳಿ ನೋಡಬಹುದು, ಕೆಲಸ ಮಾಡುವ ಗ್ಯಾರಂಟಿ ಇಲ್ಲ.

ಆಮ್ಲದ ಕಥೆ ಬೇರೆ. ನಿಂಬೆ ಉಪ್ಪಿನ ಒಣ ಹರಳಿನಲ್ಲಿ ಅಯಾನುಗಳೇ ಇಲ್ಲ, ಇಡೀ ಇಡೀ ಅಣುಗಳಿವೆ. ನೀರು ತಾಗಿದಾಗ ಕೆಲವು ಅಣುಗಳು ಒಂದು ಹೈಡ್ರೋಜನ್ ಅಯಾನನ್ನು ನೀರಿಗೆ ದಾಟಿಸುತ್ತವೆ. ಇಲ್ಲಿ ಅಯಾನು ಹುಟ್ಟುವುದೇ ನೀರಿನಲ್ಲಿ. ಹೈಡ್ರೋಜನ್‌ಗೆ ಇರುವುದೇ ಒಂದು ಎಲೆಕ್ಟ್ರಾನ್, ಅದೂ ಹೋದರೆ ಉಳಿಯುವುದು ಬರೀ ಪ್ರೋಟಾನ್. ಅದು ಒಂಟಿಯಾಗಿ ಇರಲಾರದೆ ತಕ್ಷಣ ನೀರಿನ ಅಣುವಿಗೆ ಅಂಟಿಕೊಳ್ಳುತ್ತದೆ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ಮೊಸರಿನಲ್ಲಿ ಲ್ಯಾಕ್ಟಿಕ್, ನಿಂಬೆಯಲ್ಲಿ ಸಿಟ್ರಿಕ್, ಆದರೂ ಮೂರೂ ಹುಳಿ ಯಾಕೆ ಅಂದರೆ ನಾಲಿಗೆಗೆ ಹುಳಿ ಅಂತ ತಿಳಿಸುವುದು ಮುಖ್ಯವಾಗಿ ಈ ಅಯಾನೇ.

ಎಲ್ಲ ಆಮ್ಲವೂ ಒಂದೇ ಸಮ ಉದಾರಿಯಲ್ಲ. ನಮ್ಮ ಹೊಟ್ಟೆಯ ಹೈಡ್ರೋಕ್ಲೋರಿಕ್ ಆಮ್ಲದ ಹೆಚ್ಚುಕಮ್ಮಿ ಎಲ್ಲ ಅಣುಗಳೂ ಅಯಾನು ಬಿಡುತ್ತವೆ. ಅಡುಗೆಯ ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲದಲ್ಲಿ ಬಿಡುವುದು ಸಾವಿರಕ್ಕೆ ನಾಲ್ಕೈದು ಅಣು. ಪ್ರಬಲ, ದುರ್ಬಲ ಅನ್ನುವುದು ಈ ಲೆಕ್ಕ. ನೀರು ಜಾಸ್ತಿ ಬೆರೆಸಿದ್ದೀರಾ ಕಮ್ಮಿಯಾ ಅನ್ನುವುದು ಬೇರೆ ಲೆಕ್ಕ.

ಈಗ ಇಡ್ಲಿ ಹಿಟ್ಟಿಗೆ ಬನ್ನಿ. ಅಡುಗೆ ಸೋಡಾ ಕರಗಿ ಸೋಡಿಯಂ ಅಯಾನು, ಬೈಕಾರ್ಬನೇಟ್ ಅಯಾನು ಬೇರೆಯಾದವು. ನಿಂಬೆ ಉಪ್ಪು ಹೈಡ್ರೋಜನ್ ಅಯಾನು ಕೊಟ್ಟಿತು. ಹೈಡ್ರೋಜನ್ ಹೋಗಿ ಬೈಕಾರ್ಬನೇಟನ್ನು ಹಿಡಿಯಿತು, ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಯಿತು. ಹಿಟ್ಟನ್ನು ಉಬ್ಬಿಸುವ ಬುಸ್ ಅದೇ. ಸೋಡಿಯಂ ಅಯಾನು ಮಾತ್ರ ಮದುವೆಮನೆಗೆ ಊಟಕ್ಕೆ ಬಂದವರ ಹಾಗೆ ಆಚೆ ಈಚೆ ನೋಡಿಕೊಂಡು ಇತ್ತು.

ನನ್ನ ಡಬ್ಬದಲ್ಲಿ ಇದೆಲ್ಲ ಮೂರು ವಾರ ಮಳೆಗಾಲದ ತೇವದಲ್ಲಿ ಸದ್ದಿಲ್ಲದೆ ನಡೆದುಹೋಗಿತ್ತು. ಈಗ ಹಿಟ್ಟಿಗೆ ಹಾಕುವ ಮೊದಲು ಚಿಟಿಕೆ ಪುಡಿಯನ್ನು ತಟ್ಟೆ ಮೇಲಿಟ್ಟು ಒಂದು ಹನಿ ನೀರು ಬಿಟ್ಟು ಕಿವಿ ಹತ್ತಿರ ತರುತ್ತೇನೆ. ಚುರ್ ಅಂದರೆ ಇಡ್ಲಿ, ಇಲ್ಲದಿದ್ದರೆ ಉಪ್ಪಿಟ್ಟು.