ನೊವೆನಾ ನಡುವೆ ಒಂದು ದಿನ ತಪ್ಪಿದರೆ ಮತ್ತೆ ಮೊದಲಿಂದ ಶುರುಮಾಡಬೇಕೇ?

ಪ್ರಶ್ನೆ: ನಾವು ಮುಂಬಯಿಯ ಸಾಕಿನಾಕಾದವರು, ಕ್ರೈಸ್ತರಲ್ಲ. ಯಜಮಾನರ ಆಪರೇಷನ್ ಸುಸೂತ್ರವಾಗಲಿ ಎಂದು ಪಕ್ಕದ ಮನೆಯ ಬಾಯಮ್ಮ ಹೇಳಿದಂತೆ ಸಂತ ಜೂಡರ ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಹಿಡಿದೆ. ಐದನೆಯ ದಿನವಿಡೀ ಆಸ್ಪತ್ರೆಯಲ್ಲೇ ಕಳೆದು ಪ್ರಾರ್ಥನೆ ತಪ್ಪಿಹೋಯಿತು. ಏನಾದರೂ ಕೆಡುಕಾಗುತ್ತದೆಯೇ?

ಉತ್ತರ: ಇಲ್ಲ, ಏನೂ ಕೆಡುಕಾಗುವುದಿಲ್ಲ. ಮೊದಲಿಂದ ಶುರುಮಾಡಬೇಕಾಗಿಯೂ ಇಲ್ಲ. ಈ ದಿನ ಐದನೆಯದನ್ನು ಹೇಳಿ, ತ್ರಾಣವಿದ್ದರೆ ಅದರ ಹಿಂದೆಯೇ ಆರನೆಯದನ್ನೂ ಹೇಳಿಬಿಡಿ. ಇಲ್ಲವಾದರೆ ಮುಗಿಯುವುದು ಒಂದು ದಿನ ತಡವಾದೀತು, ಅಷ್ಟೇ. ಮಾಹಿಮ್‌ನ ಸಂತ ಮೈಕೆಲರ ಚರ್ಚಿನಲ್ಲಿ 1948ರಿಂದ ನಡೆದು ಬಂದಿರುವ ಬುಧವಾರದ ನೊವೆನಾಕ್ಕೂ ಇದೇ ಮಾತು: ಒಂಬತ್ತು ಬುಧವಾರಗಳಲ್ಲಿ ಒಂದು ತಪ್ಪಿದರೆ ಮುಂದಿನ ಬುಧವಾರ ಹೋಗಿ.

ಒಂಬತ್ತು ದಿನದ ಲೆಕ್ಕ ಬಂದದ್ದು ಬೈಬಲಿನಿಂದ ಎನ್ನುತ್ತಾರೆ. ಯೇಸು ಸ್ವರ್ಗಕ್ಕೇರಿದ ಮೇಲೆ ಪವಿತ್ರಾತ್ಮರು ಇಳಿದು ಬರುವ ತನಕದ ಒಂಬತ್ತು ದಿನ ಶಿಷ್ಯರು ಜೆರುಸಲೇಮಿನ ಮೇಲ್ಮಾಳಿಗೆಯಲ್ಲಿ ಮಾತೆ ಮರಿಯಮ್ಮನವರ ಜೊತೆ ಪ್ರಾರ್ಥಿಸುತ್ತ ಕಾದರು. ಅಲ್ಲಿದ್ದ ಶಿಷ್ಯರ ಹೆಸರುಗಳು ‘ಪ್ರೇಷಿತರ ಕಾರ್ಯಕಲಾಪಗಳು’ 1:13ರಲ್ಲಿವೆ. ಕೊನೆಯ ಹೆಸರು ಯೂದ, ಅಂದರೆ ನೀವು ಮೊರೆಹೊಕ್ಕ ಸಂತ ಜೂಡರೇ. ಮುಂದೇನೆಂದು ಗೊತ್ತಿಲ್ಲದೆ ಕಾಯುವುದು ಅವರಿಗೆ ಹೊಸದಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನ ಹೆಸರೂ ಇವರ ಹೆಸರೂ ಒಂದೇ ಆದ್ದರಿಂದ ಬಹುಕಾಲ ಜನ ಇವರನ್ನು ಕರೆಯಲು ಹಿಂಜರಿದರು, ಹಾಗಾಗಿ ಯಾರೂ ದಿಕ್ಕಿಲ್ಲದವರ ಪಾಲಿಗೆ ಇವರು ಒದಗಿದರು ಎಂಬುದು ಪ್ರತೀತಿ. ಈಗಿನ ಭಕ್ತಿ ಹಬ್ಬಿದ್ದು ಶಿಕಾಗೋದಿಂದ. ಕ್ಲಾರೇಶಿಯನ್ ಎಂಬ ಕಥೋಲಿಕ ಸಂಘದ ಗುರುಗಳು ಅಲ್ಲಿ ನಡೆಸಿದ ನೊವೆನಾ 1929ರ ಅಕ್ಟೋಬರ್ 28ರಂದು ಮುಗಿಯಿತು. ಅಮೆರಿಕದ ಶೇರುಪೇಟೆ ಕುಸಿದು ಬಿದ್ದದ್ದೂ ಅದೇ ವಾರ.

ನಿಮ್ಮ ಭಯಕ್ಕೆ ಕಾರಣ ಬಹುಶಃ ಕೈಗೆ ಸಿಕ್ಕ ಚೀಟಿ. ದಿನಕ್ಕೆ ಒಂಬತ್ತು ಸಲ ಹೇಳಬೇಕು, ಒಂಬತ್ತು ಪ್ರತಿ ಮಾಡಿ ಚರ್ಚಿನಲ್ಲಿ ಇಡಬೇಕು, ಎಂಟನೆಯ ದಿನದೊಳಗೆ ಫಲ ಸಿಕ್ಕೇ ಸಿಗುತ್ತದೆ, ಫಲ ಸಿಕ್ಕಿದ್ದಕ್ಕೆ ಕೃತಜ್ಞತೆಯನ್ನು ಪೇಪರಿನಲ್ಲಿ ಹಾಕಿಸಲೇಬೇಕು ಎಂದೆಲ್ಲ ಅದರಲ್ಲಿರುತ್ತದೆ. ಇದು ಚರ್ಚಿನ ನಿಯಮವಲ್ಲ. ಫಲವಿರುವುದು ಸಂಖ್ಯೆಯಲ್ಲೇ ಎಂದು ನಂಬುವುದನ್ನು ಕಥೋಲಿಕ ಧರ್ಮೋಪದೇಶ ಮೂಢನಂಬಿಕೆಯೆಂದೇ ಕರೆಯುತ್ತದೆ. ಹರಕೆಯ ವಿಷಯದಲ್ಲೂ ಅಷ್ಟೆ. ಹೆದರಿಸಿ ಹೇಳಿಸಿದ ಹರಕೆ ಊರ್ಜಿತವಲ್ಲ ಎಂದು ಚರ್ಚಿನ ಕಾನೂನಿನ 1191ನೇ ಕಲಮೇ ಹೇಳುತ್ತದೆ. ಕಂಗೆಟ್ಟು ಕೂತವರ ಕೈಗೆ ಇನ್ನೊಂದು ಭಯ ಕೊಡುವ ಚೀಟಿಯನ್ನು ಹರಿದು ಹಾಕಿ, ಯಾವ ದೋಷವೂ ಇಲ್ಲ.

ದಿನಕ್ಕೆ ಹತ್ತು ನಿಮಿಷ ಧಾರಾಳವಾಯಿತು. ಬೇಡಿಕೆಯನ್ನು ಒಂದೇ ವಾಕ್ಯದಲ್ಲಿ ಹೇಳಿಕೊಳ್ಳಿ, ಸಂತ ಜೂಡರ ಪ್ರಾರ್ಥನೆ ಒಂದು ಸಲ, ಆಮೇಲೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’, ‘ನಮೋ ಮರಿಯಾ’, ಕೊನೆಗೆ ತ್ರಿತ್ವಸ್ತುತಿ (ಪಿತ, ಸುತ, ಪವಿತ್ರಾತ್ಮರ ಸ್ತುತಿ), ಒಂದೊಂದು ಸಲ. ಕನ್ನಡದಲ್ಲೇ ಹೇಳಿ. ತಪ್ಪುವುದು ಹೆಚ್ಚಾಗಿ ‘ಮಲಗುವ ಮುಂಚೆ ಹೇಳೋಣ’ ಎಂದವರಿಗೆ, ಯಾಕೆಂದರೆ ಆಸ್ಪತ್ರೆಯಿಂದ ಬಂದವರಿಗೆ ಮಲಗಿದ ಕೂಡಲೇ ನಿದ್ದೆ. ಬೆಳಗಿನ ಚಹಾಕ್ಕೆ ಮುಂಚೆ ಹೇಳಿಕೊಳ್ಳುವುದು ಮೇಲು. ಮೇಣದ ಬತ್ತಿ ಕಡ್ಡಾಯವಲ್ಲ. ವಾರ್ಡಿನಲ್ಲಂತೂ ಹಚ್ಚಲೇಬೇಡಿ, ಆಕ್ಸಿಜನ್ ಇರುತ್ತದೆ.

ಆಪರೇಷನ್ನಿಗೆ ದಿನ ಗೊತ್ತಾಗಿದ್ದರೆ ಅದರ ಹಿಂದಿನ ದಿನ ಮುಗಿಯುವಂತೆ ಲೆಕ್ಕ ಹಾಕಿ. ಹಬ್ಬಕ್ಕೆಂದು ಮಾಡುವವರು ಅಕ್ಟೋಬರ್ 19ಕ್ಕೆ ಶುರುಮಾಡಿ 27ಕ್ಕೆ ಮುಗಿಸುತ್ತಾರೆ, 28 ಹಬ್ಬ. ಕೈಯಲ್ಲಿ ಗಂಟೆಗಳಷ್ಟೇ ಇದ್ದಾಗ ಮದರ್ ತೆರೇಸಾ ಮಾತೆ ಮರಿಯಮ್ಮನವರ ‘ಮೆಮೊರಾರೆ’ ಪ್ರಾರ್ಥನೆಯನ್ನು ಒಂದೇ ಉಸಿರಿಗೆ ಒಂಬತ್ತು ಸಲ ಹೇಳಿ, ಹತ್ತನೆಯದನ್ನು ಮುಂಚಿತವಾಗಿಯೇ ಕೃತಜ್ಞತೆಗೆಂದು ಹೇಳುತ್ತಿದ್ದರು.

ಕ್ರೈಸ್ತರಲ್ಲದವರೂ ನೊವೆನಾಕ್ಕೆ, ಬಲಿಪೂಜೆಗೆ (ಚರ್ಚಿನಲ್ಲಿ ಗುರುಗಳು ನಡೆಸುವ ‘ಮಾಸ್’ಗೆ) ಬಂದು ಕೂರಬಹುದು. ನಿಮಗೆ ಹತ್ತಿರದ ಜೇರಿಮೇರಿಯಲ್ಲಿ ಸಂತ ಜೂಡರ ಹೆಸರಿನದೇ ಚರ್ಚಿದೆ. ಪರಮಪ್ರಸಾದ ಕೊಡುವಾಗ ಮಾತ್ರ ಸಾಲಿಗೆ ಹೋಗದೆ ಕೂತಲ್ಲೇ ಇರಿ. ಅದು ನಮ್ಮ ದೇವಸ್ಥಾನದ ಪ್ರಸಾದದಂತೆ ಎಲ್ಲರಿಗೂ ಹಂಚುವಂಥದ್ದಲ್ಲ, ಕಥೋಲಿಕರಿಗೆ ಅದು ಕ್ರಿಸ್ತನ ಶರೀರವೇ. ಯಜಮಾನರ ಹೆಸರಿನಲ್ಲಿ ಪೂಜೆ ಮಾಡಿಸಬೇಕೆಂದಿದ್ದರೆ ಚರ್ಚಿನ ಆಫೀಸಿನಲ್ಲಿ ಕೆಲವು ದಿನ ಮೊದಲೇ ಕೇಳಿ, ಹೆಸರು, ತಾರೀಖು ಬರೆಸಿ.